ಬೆಂಗಳೂರಿನಿಂದ ಶ್ರೀನಗರಕ್ಕೆ ಕಾರಿನಲ್ಲಿ: 44ನೇ ಹೆದ್ದಾರಿ ಹಿಡಿಯುವ ಮೊದಲು

"44 ಹಿಡಿದ್ರೆ ಸಾಕಲ್ವಾ, ಸೀದಾ ಶ್ರೀನಗರಕ್ಕೆ ಹೋಗಿ ಸೇರ್ತೀವಲ್ವಾ?" ಸ್ವಂತ ಕಾರಿನಲ್ಲಿ ಕಾಶ್ಮೀರಕ್ಕೆ ಹೊರಡುವವರು ಕೇಳುವ ಮೊದಲ ಪ್ರಶ್ನೆ ಇದೇ. ಎರಡನೆಯದು ಎಷ್ಟು ದಿನ ಬೇಕು. ಮೂರನೆಯದು ಟೋಲ್‌ಗೆ ಎಷ್ಟು ದುಡ್ಡು. ಒಬ್ಬೊಬ್ಬರಿಗೇ ಉತ್ತರ ಕೊಡುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡೋಣ ಅಂತ ಕೂತಿದ್ದೇನೆ.

ಮೊದಲ ಪ್ರಶ್ನೆಗೆ ಉತ್ತರ: ಸಾಲದು. ರಾಷ್ಟ್ರೀಯ ಹೆದ್ದಾರಿ 44 ದೇಶದ ಅತಿ ಉದ್ದದ ಹೆದ್ದಾರಿ, ಶ್ರೀನಗರದಿಂದ ಕನ್ಯಾಕುಮಾರಿವರೆಗೆ 3,700 ಕಿ.ಮೀ.ಗೂ ಜಾಸ್ತಿ. ಆದರೆ ಇದನ್ನು ಯಾರೂ ಒಂದೇ ರಸ್ತೆ ಅಂತ ಕಟ್ಟಿದ್ದಲ್ಲ. 2010ರಲ್ಲಿ ಹೆದ್ದಾರಿಗಳಿಗೆ ಹೊಸ ನಂಬರ್ ಕೊಟ್ಟಾಗ ಹಳೆಯ ಹಲವು ಹೆದ್ದಾರಿಗಳ ತುಂಡುಗಳನ್ನು ಪೋಣಿಸಿ 44 ಅಂತ ಹೆಸರಿಟ್ಟರು. ನಮ್ಮ ಬೆಂಗಳೂರು-ಹೈದರಾಬಾದ್ ರಸ್ತೆ ಆಗ 7 ಆಗಿತ್ತು, ದೆಹಲಿ-ಆಗ್ರಾ 2 ಆಗಿತ್ತು, ದೆಹಲಿ-ಜಲಂಧರ್ 1 ಆಗಿತ್ತು, ಜಲಂಧರ್‌ನಿಂದ ಮೇಲೆ 1ಎ. ಹಾಗಾಗಿ ಕೆಲವು ಊರುಗಳಲ್ಲಿ ಅಗಲವಾದ ನೇರ ರಸ್ತೆ ಬೇರೆ ನಂಬರಿನದು, 44 ಪಕ್ಕಕ್ಕೆ ತಿರುಗಿ ಹೋಗುತ್ತದೆ. ಜನ ದಾರಿ ತಪ್ಪುವುದು ಅಲ್ಲೇ. ಈ ತಿರುವುಗಳು ಮನಸ್ಸಿನಲ್ಲಿದ್ದರೆ, ಜಮ್ಮುವಿನ ಹತ್ತಿರ ಎರಡು ದಿನ ಕೈಯಲ್ಲಿ ಇಟ್ಟುಕೊಂಡರೆ, ಈ ಪ್ರಯಾಣದ ಅರ್ಧ ಕಷ್ಟ ಕಳೆದ ಹಾಗೆ.

1. ತಿಂಗಳು ಆರಿಸಿ

ಅಕ್ಟೋಬರ್ ಅನ್ನುತ್ತೇನೆ. ಮುಂಗಾರು ಮುಗಿದಿರುತ್ತದೆ, ಪಂಜಾಬ್-ಹರಿಯಾಣದ ಮಂಜು ಇನ್ನೂ ಶುರುವಾಗಿರುವುದಿಲ್ಲ, ಜಮ್ಮು-ಶ್ರೀನಗರ ನಡುವಿನ ಬಾನಿಹಾಲ್ ಕಡೆ ಹಿಮದ ಕಾಟವೂ ಕಡಿಮೆ. ಮೇ ತಿಂಗಳ ರಜೆಯಲ್ಲಿ ಹೋಗುವವರೇ ಜಾಸ್ತಿ, ಗೊತ್ತು. ಆದರೆ ಆದಿಲಾಬಾದಿನಿಂದ ಗ್ವಾಲಿಯರ್‌ವರೆಗೆ ಆಗ ಬಿಸಿಲು 45 ಡಿಗ್ರಿ ಮುಟ್ಟುತ್ತದೆ. ಚಿಕ್ಕ ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಬೇಡ. ಡಿಸೆಂಬರ್-ಜನವರಿಯಲ್ಲಿ ಪಾಣಿಪತ್, ಕರ್ನಾಲ್, ಅಂಬಾಲಾ ಸುತ್ತ ಬೆಳಗಿನ ಮಂಜಿನಲ್ಲಿ ಎದುರಿನ ಲಾರಿಯ ಹಿಂಬದಿ ದೀಪವೂ ಕಾಣುವುದಿಲ್ಲ, ಹಿಂದಿನಿಂದ ಒಂದರ ಮೇಲೊಂದು ಗಾಡಿಗಳು ಗುದ್ದಿಕೊಳ್ಳುವುದು ಆ ಹೊತ್ತಿನಲ್ಲೇ. ಜುಲೈ-ಆಗಸ್ಟ್‌ನಲ್ಲಿ ಎರಡು ತೊಂದರೆ: ಜಮ್ಮು ದಾಟಿದ ಮೇಲೆ ಸಿಗುವ ರಾಂಬನ್ ಕಡೆ ಗುಡ್ಡ ಕುಸಿತ, ಮೇಲೆ ಅಮರನಾಥ ಯಾತ್ರೆಯ ವಾಹನ ಸಾಲಿಗಾಗಿ ಉಳಿದವರನ್ನು ತಡೆದು ನಿಲ್ಲಿಸುವುದು.

2. ಕಾಗದ, ಫೋನ್, ಫಾಸ್ಟ್ಯಾಗ್: ಇದನ್ನು ಒಂದು ತಿಂಗಳು ಮೊದಲೇ ಮುಗಿಸಿ

ಆರ್‌ಸಿ, ಇನ್ಶೂರೆನ್ಸ್, ಡಿಎಲ್, ಹೊಗೆ ತಪಾಸಣೆ ಸರ್ಟಿಫಿಕೇಟ್. ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ತೋರಿಸಿದರೆ ಕಾನೂನಿನ ಪ್ರಕಾರ ಸಾಕು. ಆದರೂ ಒಂದು ಸೆಟ್ ಜೆರಾಕ್ಸ್ ಗ್ಲೋವ್ ಬಾಕ್ಸ್‌ನಲ್ಲಿರಲಿ. ನೆಟ್‌ವರ್ಕ್ ಇಲ್ಲದ ಕಡೆ ಪೊಲೀಸರು ಕೈ ಅಡ್ಡ ಹಿಡಿದರೆ ಆ್ಯಪ್ ತೆರೆಯುವುದಿಲ್ಲ.

ಫೋನಿನ ವಿಷಯ ತುಂಬಾ ಜನಕ್ಕೆ ಗೊತ್ತೇ ಇಲ್ಲ. ಬೇರೆ ರಾಜ್ಯದ ಪ್ರೀಪೇಯ್ಡ್ ಸಿಮ್ ಜಮ್ಮು-ಕಾಶ್ಮೀರದಲ್ಲಿ ಕೆಲಸ ಮಾಡುವುದಿಲ್ಲ. ಪೋಸ್ಟ್‌ಪೇಯ್ಡ್ ಮಾತ್ರ. ಪಠಾಣ್‌ಕೋಟ್ ದಾಟಿ ಲಖನ್‌ಪುರದಲ್ಲಿ ರಾವಿ ನದಿ ದಾಟುತ್ತಿದ್ದ ಹಾಗೇ ಫೋನ್ ಸತ್ತುಹೋಗುತ್ತದೆ, ಮ್ಯಾಪ್ ಇಲ್ಲ, ಹೋಟೆಲಿಗೆ ಕರೆ ಮಾಡುವ ಹಾಗಿಲ್ಲ. ಮನೆಯಲ್ಲಿ ಕನಿಷ್ಠ ಒಬ್ಬರ ನಂಬರನ್ನಾದರೂ ಹೊರಡುವ ಮೊದಲೇ ಪೋಸ್ಟ್‌ಪೇಯ್ಡ್‌ಗೆ ಬದಲಾಯಿಸಿ. ಪೂರ್ತಿ ದಾರಿಯ ಮ್ಯಾಪನ್ನು ಫೋನಿಗೆ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಈಗ ಟೋಲ್. ಸ್ವಂತ ಕಾರು, ಜೀಪು, ವ್ಯಾನಿಗೆ 2025ರ ಆಗಸ್ಟ್ 15ರಿಂದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಬಂದಿದೆ. ಶುರುವಾದಾಗ ಬೆಲೆ 3,000 ರೂಪಾಯಿ, ಒಂದು ವರ್ಷ ಅಥವಾ 200 ಟ್ರಿಪ್, ಯಾವುದು ಮೊದಲು ಮುಗಿಯುತ್ತದೋ ಅದು. ಟ್ರಿಪ್ ಅಂದರೆ ಇಡೀ ಪ್ರವಾಸ ಅಲ್ಲ, ಒಂದು ಟೋಲ್ ಗೇಟ್ ದಾಟಿದರೆ ಒಂದು ಟ್ರಿಪ್. ಬೆಂಗಳೂರು-ಶ್ರೀನಗರ ಹೋಗಿ ಬರುವುದಕ್ಕೆ 200 ಸಾಕಾಗುತ್ತದೆ, ಪಾಸ್ ಇಲ್ಲದೆ ಕಟ್ಟುವ ಟೋಲ್ ಇದಕ್ಕಿಂತ ಎಷ್ಟೋ ಜಾಸ್ತಿ. ಹಾಗಾಗಿ ಮರುಮಾತಿಲ್ಲದೆ ತಗೊಳ್ಳಿ. ರಾಜಮಾರ್ಗಯಾತ್ರಾ ಆ್ಯಪ್‌ನಲ್ಲೇ ಮಾಡಿಸಬಹುದು.

ಇಲ್ಲಿ ಎಡವುವುದು ಎರಡು ಕಡೆ. ಹೊಸ ಕಾರು ಕೊಂಡಾಗ ಫಾಸ್ಟ್ಯಾಗನ್ನು ಚಾಸಿ ನಂಬರಿನ ಮೇಲೆ ಕೊಟ್ಟಿರುತ್ತಾರೆ, ಅದನ್ನು ಗಾಡಿ ನಂಬರಿಗೆ ಬದಲಾಯಿಸದೆ ಪಾಸ್ ಸಿಗುವುದಿಲ್ಲ. ಇನ್ನೊಂದು, ಪಾಸ್ ನಡೆಯುವುದು ರಾಷ್ಟ್ರೀಯ ಹೆದ್ದಾರಿ ಮತ್ತು ರಾಷ್ಟ್ರೀಯ ಎಕ್ಸ್‌ಪ್ರೆಸ್‌ವೇ ಟೋಲ್‌ಗಳಲ್ಲಿ ಮಾತ್ರ. ಹೈದರಾಬಾದಿನ ಔಟರ್ ರಿಂಗ್ ರೋಡ್, ಆಗ್ರಾ-ದೆಹಲಿ ನಡುವಿನ ಯಮುನಾ ಎಕ್ಸ್‌ಪ್ರೆಸ್‌ವೇ ರಾಜ್ಯದವು. ಅಲ್ಲಿ ಮಾಮೂಲಿ ಫಾಸ್ಟ್ಯಾಗ್ ಖಾತೆಯಿಂದಲೇ ದುಡ್ಡು ಹೋಗುತ್ತದೆ. ಅದಕ್ಕೆ ಪಾಸ್ ಇದ್ದರೂ ಖಾತೆಯಲ್ಲಿ ಒಂದೆರಡು ಸಾವಿರ ಇಟ್ಟಿರಿ. ರೀಚಾರ್ಜ್ ಹಿಂದಿನ ರಾತ್ರಿಯೇ ಆಗಲಿ, ಟೋಲ್ ಸಾಲಿನಲ್ಲಿ ನಿಂತುಕೊಂಡು ಅಲ್ಲ.

ಬೈಕಿನವರಿಗೆ ರಾಷ್ಟ್ರೀಯ ಹೆದ್ದಾರಿಯಲ್ಲಿ ಟೋಲ್ ಇಲ್ಲ. ಆದರೆ ಹೈದರಾಬಾದ್ ರಿಂಗ್ ರೋಡಿಗೆ ಬೈಕ್ ಬಿಡುವುದಿಲ್ಲ, ಊರೊಳಗಿಂದಲೇ ಹೋಗಬೇಕು. ಅದಕ್ಕೆ ಎರಡು ಗಂಟೆ ಜಾಸ್ತಿ ಇಟ್ಟುಕೊಳ್ಳಿ.

ಹಳೇ ಕಾರಿನವರು ದಯವಿಟ್ಟು ಗಮನ ಕೊಡಿ. ದೆಹಲಿ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳ ಮೇಲಿನ ನಿಯಮ ಕೋರ್ಟಿನಲ್ಲಿ ಆಗಾಗ ಬದಲಾಗುತ್ತಿದೆ, ಹೊರಡುವ ವಾರ ಇನ್ನೊಮ್ಮೆ ನೋಡಿ. ಚಳಿಗಾಲದಲ್ಲಿ ಅಲ್ಲಿ ಗಾಳಿ ತೀರಾ ಕೆಟ್ಟಾಗ ಹಳೆಯ ಹೊಗೆ ಮಾನದಂಡದ, ಅಂದರೆ ಬಿಎಸ್-3 ಪೆಟ್ರೋಲ್, ಬಿಎಸ್-4 ಡೀಸೆಲ್ ಕಾರುಗಳನ್ನೂ ತಡೆಯುತ್ತಾರೆ. ನಾವು ದೆಹಲಿ ಒಳಗೆ ಹೋಗಲ್ಲ ಅಂತ ಸುಮ್ಮನಿರಬೇಡಿ, ಫರೀದಾಬಾದ್, ನೊಯ್ಡಾ, ಗಾಜಿಯಾಬಾದ್ ಕೂಡ ಆ ಲೆಕ್ಕಕ್ಕೆ ಸೇರುತ್ತವೆ.

3. ಕಾರು, ಅದರಲ್ಲೂ ಟೈರು

ಸರ್ವಿಸ್ ಹೊರಡುವ ಹಿಂದಿನ ದಿನ ಬೇಡ. ಹತ್ತು ದಿನ ಮೊದಲು ಮಾಡಿಸಿ, ಒಂದು 200 ಕಿ.ಮೀ. ಓಡಿಸಿ ನೋಡಿ. ಬ್ರೇಕ್ ಪ್ಯಾಡ್, ಕೂಲೆಂಟ್, ವೈಪರ್, ಬ್ಯಾಟರಿ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, ಉದಾಹರಣೆಗೆ 2319. ಅಂದರೆ 2019ನೇ ಇಸವಿಯ 23ನೇ ವಾರ ತಯಾರಾದದ್ದು. ಗಾಡಿ ಕಡಿಮೆ ಓಡಿದೆ, ಟೈರಿನ ಹೂ ಚೆನ್ನಾಗಿದೆ ಅಂತ ಆರು ವರ್ಷದ ಟೈರಲ್ಲಿ ಈ ದಾರಿಗೆ ಇಳಿಯಬೇಡಿ. ಬಿಸಿ ಕಾಂಕ್ರೀಟಿನ ಮೇಲೆ ಗಂಟೆಗಟ್ಟಲೆ 100ರಲ್ಲಿ ಓಡುವಾಗ ಹಳೆ ರಬ್ಬರ್ ಸಿಡಿಯುತ್ತದೆ. ಗಾಳಿ ಬೆಳಿಗ್ಗೆ ಟೈರು ತಣ್ಣಗಿರುವಾಗ ನೋಡಿಸಿ. ಮಧ್ಯಾಹ್ನ ಬಿಸಿ ಟೈರಿನಲ್ಲಿ ಪ್ರೆಶರ್ ಏರಿರುತ್ತದೆ, ಜಾಸ್ತಿ ಆಯ್ತು ಅಂತ ಬಂಕಿನಲ್ಲಿ ಗಾಳಿ ಬಿಡಿಸಿದರೆ ಮಾರನೇ ಬೆಳಿಗ್ಗೆ ಕಡಿಮೆ ಗಾಳಿಯಲ್ಲಿ ಓಡಿಸುತ್ತೀರಿ. ಸ್ಟೆಪ್ನಿಗೂ ಗಾಳಿ ಹಾಕಿಸಿ, ಜಾಕ್ ಒಮ್ಮೆ ಬಿಚ್ಚಿ ಕೂರಿಸಿ ಅಭ್ಯಾಸ ಮಾಡಿ.

4. ದಿನಗಳನ್ನು ಹಂಚಿಕೊಳ್ಳಿ

ಒಟ್ಟು ಸುಮಾರು 3,000 ಕಿ.ಮೀ. ನಾಲ್ಕು ದಿನಕ್ಕೆ ಮುಗಿಸಿದೆವು ಅನ್ನುವವರ ಮಾತಿಗೆ ಹೋಗಬೇಡಿ. ಸಂಸಾರ ಕರೆದುಕೊಂಡು ಹೋಗುವವರಿಗೆ ಏಳು ದಿನ ಬೇಕು, ಕೈಯಲ್ಲಿ ಎರಡು ದಿನ ಜಾಸ್ತಿ. ದಿನಕ್ಕೆ ಸುಮಾರು 400ರಿಂದ 500, ಮೊದಲ ದಿನ ಹೆಚ್ಚು, ಕೊನೆಯ ದಿನ ಕಡಿಮೆ. ಬೆಳಿಗ್ಗೆ ಐದಕ್ಕೆ ಹೊರಟು ಸೂರ್ಯ ಮುಳುಗುವ ಮೊದಲು ರೂಮು ಸೇರಬೇಕು. ಇದೊಂದು ನಿಯಮ ಮುರಿಯಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಕತ್ತಲಾದ ಮೇಲೆ ದೀಪ ಇಲ್ಲದ ಟ್ರ್ಯಾಕ್ಟರು, ರಸ್ತೆ ಅಂಚಿನಲ್ಲಿ ಇಂಡಿಕೇಟರ್ ಹಾಕದೆ ನಿಲ್ಲಿಸಿದ ಲಾರಿ, ರಾಂಗ್ ಸೈಡಿನಲ್ಲಿ ಬರುವ ಬೈಕು, ಮಧ್ಯಪ್ರದೇಶದಲ್ಲಿ ರಸ್ತೆ ಮೇಲೇ ಮಲಗುವ ದನಗಳು, ಇವು ಯಾವುದೂ ನಿಮ್ಮ ಹೆಡ್‌ಲೈಟಿಗೆ ಸಮಯಕ್ಕೆ ಸಿಗುವುದಿಲ್ಲ.

ನಾನು ಹೇಳುವ ತಂಗುವ ಊರುಗಳು: ಹೈದರಾಬಾದ್ ದಾಟಿ ಮೇಡ್ಚಲ್, ನಾಗ್ಪುರ, ಸಾಗರ್, ಆಗ್ರಾ, ಅಂಬಾಲಾ, ಜಮ್ಮು, ಆಮೇಲೆ ಶ್ರೀನಗರ.

5. ಬೆಂಗಳೂರಿನಿಂದ ನಾಗ್ಪುರ

ಕರ್ನಾಟಕದೊಳಗೆ 44 ಇರುವುದು ಅತ್ತಿಬೆಲೆಯಿಂದ ಬಾಗೇಪಲ್ಲಿ ಗಡಿವರೆಗೆ ಸುಮಾರು 125 ಕಿ.ಮೀ. ಮಾತ್ರ. ಮೊದಲ ದಿನ ಮಾತ್ರ ಇನ್ನೂ ಬೇಗ ಹೊರಟು ಐದು ಗಂಟೆಗೆ ಮೊದಲೇ ಹೆಬ್ಬಾಳ ದಾಟಿ, ಇಲ್ಲದಿದ್ದರೆ ಏರ್‌ಪೋರ್ಟ್ ಕಡೆಯ ಗಾಡಿಗಳಲ್ಲಿ ಸಿಕ್ಕಿಕೊಳ್ಳುತ್ತೀರಿ. ಬಾಗೇಪಲ್ಲಿ ದಾಟಿದ ಮೇಲೆ ಕೊಡಿಕೊಂಡದ ಹತ್ತಿರ ಎಡಕ್ಕೆ ಲೇಪಾಕ್ಷಿಗೆ ದಾರಿ. ಮುಂದೆ ಪೆನುಕೊಂಡ, ವಿಜಯನಗರ ಹಾಳಾದ ಮೇಲೆ ಅರಸರು ಬಂದು ನೆಲೆಸಿದ ಊರು, ಬೆಟ್ಟ ರಸ್ತೆಯಿಂದಲೇ ಕಾಣುತ್ತದೆ. ಕರ್ನೂಲಿನಲ್ಲಿ ನಮ್ಮ ತುಂಗಭದ್ರೆಯನ್ನು ದಾಟುತ್ತೀರಿ, ಸ್ವಲ್ಪ ಮುಂದೆ ಬೀಚುಪಲ್ಲಿಯಲ್ಲಿ ಕೃಷ್ಣೆಯನ್ನು. ನನಗೆ ಈ ಎರಡು ಸೇತುವೆ ಬಂದಾಗ ಗಾಡಿ ನಿಧಾನ ಮಾಡದೆ ಇರಲು ಆಗುವುದಿಲ್ಲ. ಆದರೆ ಸೇತುವೆ ಮೇಲೆ ನಿಲ್ಲಿಸಬೇಡಿ, ದಾಟಿ ಬದಿಗೆ ಹಾಕಿ.

ಹೈದರಾಬಾದ್ ಊರೊಳಗೆ ಹೋಗಬೇಡಿ. ಶಂಷಾಬಾದಿನಲ್ಲಿ ರಿಂಗ್ ರೋಡ್ ಹತ್ತಿ ಮೇಡ್ಚಲ್ ಕಡೆಯ ಕಂಡ್ಲಕೋಯದಲ್ಲಿ ಇಳಿಯಿರಿ, ಮತ್ತೆ 44 ಸಿಗುತ್ತದೆ. ರಿಂಗ್ ರೋಡಿನಲ್ಲಿ ಇಳಿಯುವ ಜಾಗ ತಪ್ಪಿದರೆ ಹಿಂದಕ್ಕೆ ಬರುವ ಹಾಗಿಲ್ಲ. ಮುಂದಿನ ಇಳಿಜಾರಿನಲ್ಲಿ ಇಳಿದು ಸುತ್ತಿ ಬನ್ನಿ. ರಿವರ್ಸ್ ಗೇರ್ ಮುಟ್ಟಲೇಬೇಡಿ.

ತೆಲಂಗಾಣದಲ್ಲಿ ಸುಗ್ಗಿ ಕಾಲವಾದರೆ ರಸ್ತೆ ಬದಿಯ ಲೇನಿನಲ್ಲಿ ಭತ್ತ, ಜೋಳ ಒಣಗಲು ಹರಡಿರುತ್ತಾರೆ, ಗುರುತಿಗೆ ಕಲ್ಲು ಇಟ್ಟಿರುತ್ತಾರೆ. ಎಡ ಅಂಚು ಖಾಲಿ ಇದೆ ಅಂತ ನುಗ್ಗಬೇಡಿ. ನಿರ್ಮಲ್ ಹತ್ತಿರ ಗೋದಾವರಿ, ಆದಿಲಾಬಾದ್ ಮುಗಿದ ಮೇಲೆ ಪೆನ್‌ಗಂಗಾ, ಅದನ್ನು ದಾಟಿದರೆ ಮಹಾರಾಷ್ಟ್ರ.

6. ನಾಗ್ಪುರದಿಂದ ಆಗ್ರಾ: ಇಲ್ಲೇ ಜಾಸ್ತಿ ಜನ ದಾರಿ ತಪ್ಪುವುದು

ನಾಗ್ಪುರ ಬಿಟ್ಟ ಮೇಲೆ ಪೇಂಚ್ ಹುಲಿ ಕಾಡು. ಮನ್ಸರ್-ಖವಾಸಾ ನಡುವೆ ಹೆದ್ದಾರಿಯನ್ನೇ ಎತ್ತರಿಸಿ ಕಂಬಗಳ ಮೇಲೆ ಒಯ್ದಿದ್ದಾರೆ, ಕೆಳಗೆ ಪ್ರಾಣಿಗಳು ಓಡಾಡುತ್ತವೆ. ಇದರಲ್ಲಿ ಅತಿ ಉದ್ದದ ಭಾಗ 750 ಮೀಟರ್. ಹುಲಿಗಳೇ ಇಲ್ಲಿಂದ ದಾಟಿದ್ದು ಕ್ಯಾಮೆರಾದಲ್ಲಿ ದಾಖಲಾಗಿದೆ. ನಮ್ಮ ನಾಗರಹೊಳೆ, ಬಂಡೀಪುರದ ರಸ್ತೆಗಳ ಜಗಳ ನೋಡಿದವರು ಇದನ್ನೊಮ್ಮೆ ನೋಡಬೇಕು. ಇಲ್ಲಿ ಗಾಡಿ ನಿಲ್ಲಿಸುವುದು, ಹಾರ್ನ್ ಹೊಡೆಯುವುದು, ತಿಂಡಿ ಪೊಟ್ಟಣ ಎಸೆಯುವುದು ಬೇಡ.

ಸಿವನಿ ಆದ ಮೇಲೆ ಲಖ್ನಾದೌನ್. ಈ ಹೆಸರು ಬರೆದಿಟ್ಟುಕೊಳ್ಳಿ. ಹಳೆಯ 7ನೇ ಹೆದ್ದಾರಿ ಇಲ್ಲಿಂದ ಜಬಲ್ಪುರಕ್ಕೆ, ಅಲ್ಲಿಂದ ವಾರಾಣಸಿಗೆ ಹೋಗುತ್ತಿತ್ತು. ಈಗ ಜಬಲ್ಪುರದ ರಸ್ತೆ 34. ನಮ್ಮ 44 ಎಡಕ್ಕೆ ನರಸಿಂಗ್‌ಪುರ, ಸಾಗರ್ ಕಡೆ ತಿರುಗುತ್ತದೆ. ಗಮನ ಕೊಡದೆ ಹೋದರೆ ಜಬಲ್ಪುರದ ಬೋರ್ಡ್ ನೋಡಿದ ಮೇಲೇ ಎಚ್ಚರವಾಗುವುದು. ಬೋರ್ಡಿನಲ್ಲಿ ನಂಬರ್ ಹುಡುಕುವುದಕ್ಕಿಂತ ಮುಂದಿನ ಊರಿನ ಹೆಸರು ಹುಡುಕಿ, ಇದು ಇಡೀ ದಾರಿಗೆ ಹೊಂದುವ ಮಾತು. ರಸ್ತೆ ಬದಿಯ ಕಿಲೋಮೀಟರ್ ಕಲ್ಲಿನ ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಹೆದ್ದಾರಿ.

ಸಾಗರ್, ಲಲಿತ್‌ಪುರ, ಝಾನ್ಸಿ, ಗ್ವಾಲಿಯರ್. ನಡುವೆ ಬಂಕ್, ಹೋಟೆಲ್ ತೆಳ್ಳಗೆ ಇವೆ, ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡಬೇಡಿ. ಮೊರೇನಾ-ಧೋಲ್‌ಪುರ ನಡುವೆ ಚಂಬಲ್ ನದಿ, ಎರಡೂ ಬದಿ ಮಣ್ಣಿನ ಕೊರಕಲುಗಳು. ಆಗ್ರಾದಲ್ಲಿ ಊರೊಳಗೆ ಹೋಗದೆ ಮಥುರಾ ಕಡೆಗೆ ಹೋಗುವ ದಕ್ಷಿಣ ಬೈಪಾಸ್ ಇದೆ, ತಾಜ್ ನೋಡುವವರು ಮಾತ್ರ ಒಳಗೆ ಹೋಗಿ.

7. ದೆಹಲಿಯನ್ನು ಸುತ್ತಿ ಜಮ್ಮುವರೆಗೆ

ಪಲ್ವಲ್‌ನಲ್ಲಿ ಈಸ್ಟರ್ನ್ ಪೆರಿಫೆರಲ್ ಎಕ್ಸ್‌ಪ್ರೆಸ್‌ವೇ ಹತ್ತಿ. 135 ಕಿ.ಮೀ. ಸುತ್ತಿಕೊಂಡು ಸೋನಿಪತ್ ಕಡೆಯ ಕುಂಡ್ಲಿಯಲ್ಲಿ ಇಳಿಸುತ್ತದೆ, ದೆಹಲಿ ಪೂರ್ತಿ ತಪ್ಪುತ್ತದೆ. ಮ್ಯಾಪಿನಲ್ಲಿ ಊರೊಳಗಿನ ದಾರಿ ಕಡಿಮೆ ದೂರ ಅಂತ ತೋರಿಸುತ್ತದೆ, ಕೇಳಬೇಡಿ. ವಾರ್ಷಿಕ ಪಾಸ್ ಇಲ್ಲಿ ನಡೆಯುತ್ತದೆ, ಹತ್ತಿದ್ದು ಇಳಿದದ್ದು ಸೇರಿ ಒಂದೇ ಟ್ರಿಪ್.

ಕುಂಡ್ಲಿ ದಾಟಿದರೆ ಮುರ್ಥಲ್, ಪರಾಠಾ ಡಾಬಾಗಳ ಸಾಲು. ಬೆಣ್ಣೆ ಹಾಕಿದ ಪರಾಠಾ ಎರಡು ತಿಂದು ಸ್ಟಿಯರಿಂಗ್ ಹಿಡಿದರೆ ನಿದ್ದೆ ಬರುತ್ತದೆ. ಅರ್ಧ ಗಂಟೆ ಅಲ್ಲೇ ಅಡ್ಡಾಡಿ ಹೊರಡಿ. ಅಂಬಾಲಾದಲ್ಲಿ ಚಂಡೀಗಢದ ದಾರಿ ಬೇರೆಯಾಗುತ್ತದೆ, ನೀವು ಲುಧಿಯಾನಾ ಹಿಡಿಯಿರಿ. ಜಲಂಧರ್‌ನಲ್ಲಿ ಇನ್ನೊಂದು ಕವಲು: ಅಮೃತಸರಕ್ಕೆ ಹೋಗುವುದು 3, ಪಠಾಣ್‌ಕೋಟ್ ಕಡೆಯದು 44. ಜಮ್ಮುವಿಗೆ ಬಂದಾಗ ಊರೊಳಗೆ ರೂಮು ಇಲ್ಲದಿದ್ದರೆ ಸಿದ್ಧ್ರಾ ಬೈಪಾಸ್ ಹಿಡಿದು ನಗ್ರೋಟಾ ಕಡೆ ಸೇರಿ.

8. ಜಮ್ಮುವಿನಿಂದ ಶ್ರೀನಗರ

ಕೇವಲ 250 ಕಿ.ಮೀ. ಚಿಲ್ಲರೆ. ಆದರೆ ಇಡೀ ಪ್ರಯಾಣದ ಕಷ್ಟವೆಲ್ಲ ಇಲ್ಲಿದೆ.

ಹಿಂದಿನ ಸಂಜೆ ಜಮ್ಮು-ಕಾಶ್ಮೀರ ಟ್ರಾಫಿಕ್ ಪೊಲೀಸರು ಮಾರನೇ ದಿನದ ಸೂಚನೆ ಹೊರಡಿಸುತ್ತಾರೆ. ಸಣ್ಣ ಗಾಡಿ ಎರಡೂ ಕಡೆ ಬಿಡುತ್ತಾರೋ, ಲಾರಿ ಯಾವ ಕಡೆ, ನಗ್ರೋಟಾ ಮತ್ತು ಉಧಂಪುರದ ಜಖೇನಿಯಲ್ಲಿ ಕಟ್-ಆಫ್ ಟೈಮ್ ಎಷ್ಟು, ಎಲ್ಲ ಅದರಲ್ಲಿರುತ್ತದೆ. ಕಟ್-ಆಫ್ ಅಂದರೆ ಆ ಹೊತ್ತು ಕಳೆದ ಮೇಲೆ ಬಂದವರನ್ನು ಮುಂದೆ ಬಿಡುವುದಿಲ್ಲ. ಅದನ್ನು ನೋಡದೆ ಹೊರಟು ನಾನೊಮ್ಮೆ ಉಧಂಪುರದಲ್ಲಿ ಎರಡು ದಿನ ಕಳೆದಿದ್ದೇನೆ.

ಉಧಂಪುರ ಆದ ಮೇಲೆ ಚೆನಾನಿ-ನಾಶ್ರಿ ಸುರಂಗ, 9 ಕಿ.ಮೀ.ಗೂ ಜಾಸ್ತಿ, 2017ರಲ್ಲಿ ತೆರೆದದ್ದು. ಇದು ಪಟ್ನಿಟಾಪ್ ಬೆಟ್ಟದ ಅಡಿಯಲ್ಲೇ ಹೋಗುತ್ತದೆ. ಪಟ್ನಿಟಾಪ್ ನೋಡಬೇಕು ಅನ್ನುವವರು ಸುರಂಗಕ್ಕೆ ಮೊದಲೇ ಹಳೇ ರಸ್ತೆ ಹಿಡಿಯಬೇಕು. ಸುರಂಗದೊಳಗೆ ಲೋ ಬೀಮ್ ಹಾಕಿ, ಕೂಲಿಂಗ್ ಗ್ಲಾಸ್ ತೆಗೆಯಿರಿ, ಓವರ್‌ಟೇಕ್ ಬೇಡ.

ಮುಂದೆ ಚಿನಾಬ್ ದಂಡೆಯ ರಾಂಬನ್. ರಾಂಬನ್‌ನಿಂದ ಬಾನಿಹಾಲ್‌ವರೆಗಿನ 36 ಕಿ.ಮೀ. ಗುಡ್ಡ ಜಾರುವ ಜಾಗ. ಮೆಹಾಡ್, ಕೆಫೆಟೇರಿಯಾ ಮೋಡ್ ಅನ್ನುವ ಹೆಸರುಗಳು ಕಾಶ್ಮೀರದ ಸುದ್ದಿಯಲ್ಲಿ ಆಗಾಗ ಬರುತ್ತವೆ. 2025ರ ಏಪ್ರಿಲ್‌ನಲ್ಲಿ ರಾಂಬನ್‌ನಲ್ಲಿ, ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಉಧಂಪುರದ ಹತ್ತಿರ ಈ ರಸ್ತೆ ಕೊಚ್ಚಿಹೋಯಿತು, ಸೇಬು ತುಂಬಿದ ಲಾರಿಗಳು ದಿನಗಟ್ಟಲೆ ನಿಂತಲ್ಲೇ ನಿಂತವು. ಮಳೆ ಬರುತ್ತಿದ್ದರೆ ಹೊರಡಬೇಡಿ, ಮಳೆ ನಿಂತ ಮೇಲೂ ಅರ್ಧ ದಿನ ಕಾಯಿರಿ, ನೆನೆದ ಗುಡ್ಡ ಆಮೇಲೂ ಜಾರುತ್ತದೆ. ಸಣ್ಣ ಕಲ್ಲುಗಳು ಉರುಳಿ ಬರುತ್ತಿದ್ದರೆ ಅದರ ಕೆಳಗೆ ಗಾಡಿ ನಿಲ್ಲಿಸಬೇಡಿ. ಜಾಮ್ ಆದಾಗ ಖಾಲಿ ಇರುವ ಎದುರು ಲೇನಿಗೆ ನುಗ್ಗಬೇಡಿ, ಹಾಗೆ ಮಾಡಿದವರಿಂದಲೇ ಒಂದು ಗಂಟೆಯ ಜಾಮ್ ಆರು ಗಂಟೆ ಆಗುವುದು. ಸೇನೆಯ ವಾಹನ ಸಾಲು ಬಂದರೆ ಬದಿಗೆ ಸರಿದು ದಾರಿ ಬಿಡಿ, ನಡುವೆ ತೂರಬೇಡಿ, ಫೋಟೋ ತೆಗೆಯಬೇಡಿ.

ರಸ್ತೆ ಹಲವು ದಿನ ಮುಚ್ಚಿದರೆ ಕಾರನ್ನು ಕಟ್ರಾದಲ್ಲಿ ಬಿಟ್ಟು ರೈಲು ಹತ್ತಿ. 2025ರ ಜೂನ್‌ನಿಂದ ಕಟ್ರಾ-ಶ್ರೀನಗರ ವಂದೇ ಭಾರತ್ ಓಡುತ್ತಿದೆ, ಚಿನಾಬ್ ಸೇತುವೆ ಮೇಲಿಂದಲೇ, ಸುಮಾರು ಮೂರು ಗಂಟೆ. ಟಿಕೆಟ್ ಬೇಗ ಮುಗಿಯುತ್ತದೆ. ಪೂಂಚ್ ಕಡೆಯಿಂದ ಹೋಗುವ ಮೊಗಲ್ ರೋಡ್ ಕೂಡ ಇದೆ, ಆದರೆ ಬೆಟ್ಟದಲ್ಲಿ ಓಡಿಸಿ ಅಭ್ಯಾಸ ಇಲ್ಲದವರಿಗೆ ನಾನು ಹೇಳುವುದಿಲ್ಲ.

ಬಾನಿಹಾಲ್-ಖಾಜಿಗುಂಡ್ ಸುರಂಗ ಸುಮಾರು ಎಂಟೂವರೆ ಕಿ.ಮೀ. ಮೊದಲು ಇನ್ನೂ ಮೇಲಿನ ಜವಾಹರ್ ಸುರಂಗಕ್ಕೆ ಹತ್ತಬೇಕಿತ್ತು, ಹಿಮ ಬಿದ್ದರೆ ಮುಗೀತು. ಈಗ ಆ ಕಷ್ಟ ಕಡಿಮೆ. ಈ ಕಡೆ ಕಡಿದಾದ ಬೆಟ್ಟ, ಆ ಕಡೆ ಹೊರಬಂದರೆ ಸಮತಟ್ಟಾದ ಕಣಿವೆ, ಸಾಲುಮರ. ಸಂಗಮ್ ಹತ್ತಿರ ರಸ್ತೆ ಬದಿಯಲ್ಲಿ ವಿಲೋ ಮರದ ಕ್ರಿಕೆಟ್ ಬ್ಯಾಟುಗಳ ಅಂಗಡಿಗಳು. ಪಾಂಪೋರ್‌ನಲ್ಲಿ ಕೇಸರಿ ಹೊಲ, ಅಕ್ಟೋಬರ್ ಕೊನೆಯ ವಾರವಾದರೆ ನೇರಳೆ ಹೂ ರಸ್ತೆಯಿಂದಲೇ ಕಾಣುತ್ತದೆ. ಹೊಲಕ್ಕೆ ಕೇಳದೆ ಇಳಿಯಬೇಡಿ, ಒಂದೊಂದು ಹೂವೂ ಅವರ ವರ್ಷದ ದುಡಿಮೆ.

9. ಕನ್ಯಾಕುಮಾರಿ ತುದಿಯೂ ಬೇಕು ಅನ್ನುವವರಿಗೆ

ಪೂರ್ತಿ 44 ಓಡಿಸಬೇಕು ಅನ್ನುವವರು ಮೊದಲು ದಕ್ಷಿಣಕ್ಕೆ ಹೋಗಿ ಬನ್ನಿ, ಹತ್ತಿರ ಹತ್ತಿರ 700 ಕಿ.ಮೀ., ಒಂದು ಹಗಲಿನಲ್ಲಿ ಮುಟ್ಟಬಹುದು. ಗಮನ ಬೇಕಾದ್ದು ಮೂರು ಕಡೆ. ಧರ್ಮಪುರಿ-ಸೇಲಂ ನಡುವಿನ ತೊಪ್ಪೂರು ಘಾಟಿ ಇಳಿಜಾರಿನಲ್ಲಿ ಬ್ರೇಕ್ ಹೋದ ಲಾರಿಗಳು ಮುಂದಿನ ಗಾಡಿಗಳಿಗೆ ಗುದ್ದಿದ ಅಪಘಾತ ತುಂಬಾ ಆಗಿವೆ. ಕಡಿಮೆ ಗೇರಿನಲ್ಲಿ ಇಳಿಯಿರಿ, ಲಾರಿಯ ಮುಂದೆ ಉಳಿಯಬೇಡಿ. ಸೇಲಂನಲ್ಲಿ ನೇರ ಹೋದರೆ ಕೊಯಮತ್ತೂರಿನ 544, ನಮ್ಮ ದಾರಿ ನಾಮಕ್ಕಲ್ ಕಡೆ. ಅವಸರದಲ್ಲಿ 544ನ್ನೇ 44 ಅಂತ ಓದಿ ಹೋದವರಿದ್ದಾರೆ. ನಾಮಕ್ಕಲ್-ಕರೂರ್ ನಡುವೆ ಕಾವೇರಿ. ತಿರುನೆಲ್ವೇಲಿ ದಾಟಿ ಪಣಗುಡಿ, ಕಾವಲ್‌ಕಿಣರು ಸುತ್ತ ಗಾಳಿಯಂತ್ರಗಳ ಕಾಡೇ ಇದೆ, ಮುಂಗಾರಿನ ತಿಂಗಳುಗಳಲ್ಲಿ ಅಡ್ಡಗಾಳಿ ಬೈಕನ್ನು ಪಕ್ಕದ ಲೇನಿಗೆ ತಳ್ಳುತ್ತದೆ.

ಹೆದ್ದಾರಿಯಲ್ಲಿ ಎಲ್ಲೇ ತೊಂದರೆಯಾದರೂ 1033ಕ್ಕೆ ಕರೆ ಮಾಡಿ, ಅದು ಹೆದ್ದಾರಿ ಪ್ರಾಧಿಕಾರದ ಸಹಾಯವಾಣಿ. ಅಪಘಾತವಾದರೆ 112. ಎಲ್ಲಿದ್ದೀರಿ ಅಂತ ಹೇಳಲು ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆ ಓದಿ ಹೇಳಿ. ಈ ಎರಡು ನಂಬರನ್ನು ಒಂದು ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿ, ಕಾರಿನಲ್ಲಿರುವ ಮಕ್ಕಳಿಗೂ ತೋರಿಸಿಡಿ.